ಹುಣಸೆ ಕುಟ್ಟುವ ಅಂಗಳದಲ್ಲಿ ಒಂಬತ್ತನೇ ಭಾಗ

ರುಕ್ಸಾರ್ ಮೇಘನಳನ್ನು ಮೊದಲು ನೋಡಿದ್ದು ಕೋಲಾರದಲ್ಲಿ, ಒಂದು ಕಾಲೇಜಿನ ಹಿಂದಿದ್ದ ಹೊಂಗೆಮರದ ಕಟ್ಟೆಯ ಮೇಲೆ. ಅವತ್ತು ಸರ್ಕಾರಿ ಕೆಲಸದ ಪರೀಕ್ಷೆ. ಬೆಳಗಿನ ಪತ್ರಿಕೆ ಮುಗಿದಿತ್ತು, ಮಧ್ಯಾಹ್ನದ್ದಕ್ಕೆ ಇನ್ನೂ ಹೊತ್ತಿತ್ತು. ಜಿಲ್ಲೆಯ ಎಲ್ಲ ಕಡೆಯಿಂದ ಬಂದವರು ನೆರಳು ಕಂಡಲ್ಲಿ ಕೂತು ಬುತ್ತಿ ಬಿಚ್ಚಿದ್ದರು. ಕೆಲವರು ಅನ್ನದ ಜೊತೆಗೆ ಸಾಮಾನ್ಯ ಜ್ಞಾನದ ಪುಸ್ತಕವನ್ನೂ ನುಂಗುತ್ತಿದ್ದರು. ರುಕ್ಸಾರಳಿಗೆ ಕಟ್ಟೆಯ ಮೇಲೆ ಒಬ್ಬರು ಒತ್ತರಿಸಿಕೊಂಡು ಕೂರುವಷ್ಟು ಜಾಗ ಸಿಕ್ಕಿತು. ಪಕ್ಕದಲ್ಲಿ ಹಳದಿ ಚೂಡಿದಾರದ ಹುಡುಗಿಯೊಬ್ಬಳು ಚಿತ್ರಾನ್ನದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮುಚ್ಚಳವನ್ನೂ ತೆಗೆಯದೆ ಫೋನು ನೋಡುತ್ತಿದ್ದಳು. ಮದುವೆಯಾಗಿ ಹೆಚ್ಚು ದಿನವಾಗಿಲ್ಲವೆಂದು ಅವಳ ಕತ್ತಿನ ಅರಿಶಿನದ ದಾರವೇ ಹೇಳುತ್ತಿತ್ತು. ತೋರುಬೆರಳಿಗೆ ಪೆನ್ನಿನ ಶಾಯಿ ಹತ್ತಿತ್ತು. ಅವಳು ಓದುತ್ತಾ ಓದುತ್ತಾ ತುಟಿ ಕಚ್ಚುತ್ತಿದ್ದಳು.

ಬೇರೆಯವರ ಫೋನಿಗೆ ಇಣುಕುವುದು ತಪ್ಪೆಂದು ರುಕ್ಸಾರಳಿಗೂ ಗೊತ್ತು. ಆದರೆ ಮೇಲೆ ದಪ್ಪಕ್ಷರದಲ್ಲಿ ಕಂಡದ್ದು ಅವಳಿಗೆ ಚೆನ್ನಾಗಿ ಪರಿಚಯವಿದ್ದ ಹೆಸರು: 'ಇಂದುಮತಿ ಎಲ್ಲಿ ಹೋದಳು'.

'ಎರಡು ಬಾಗಿಲ ಮನೆ' ಅಂತ ಸಂಜೆ ಟಿ.ವಿ.ಯಲ್ಲಿ ಬರುತ್ತಿದ್ದ ಧಾರಾವಾಹಿಯಲ್ಲಿ ಇಂದುಮತಿ ಹಿರಿಯ ಸೊಸೆ. ಒಂದು ದಿನ ಅವಳನ್ನು ಮನೆಯಿಂದ ಆಚೆ ಕಳಿಸಿದರು. ಆಮೇಲೆ ಬಸ್ಸಿನಲ್ಲಿ ಕೊಡೆ ಮರೆತವರ ಹಾಗೆ ಧಾರಾವಾಹಿಯವರು ಅವಳನ್ನು ಮರೆತೇಬಿಟ್ಟರು. ಅವಳ ಮುಂದಿನ ಬದುಕನ್ನು 'ಹಿತ್ತಲ ಕಿಟಕಿ' ಅನ್ನುವ ಹೆಸರಿನವರು ಯಾರೋ ಕಥೆಗಳ ಆ್ಯಪಿನಲ್ಲಿ ಭಾಗ ಭಾಗವಾಗಿ ಬರೆಯುತ್ತಿದ್ದರು. ಬೇರೆಯವರ ಕಥೆಯ ಪಾತ್ರವನ್ನು ಮೆಚ್ಚಿದವರು ಹೀಗೆ ತಾವೇ ಮುಂದುವರಿಸಿ ಬರೆಯುವುದಕ್ಕೆ ಫ್ಯಾನ್ ಫಿಕ್ಷನ್ ಅನ್ನುತ್ತಾರೆ ಎಂಬುದು ಆಗ ರುಕ್ಸಾರಳಿಗೆ ಗೊತ್ತಿರಲಿಲ್ಲ. ಕಥೆ ಚೆನ್ನಾಗಿತ್ತು, ಓದುತ್ತಿದ್ದಳು, ಅಷ್ಟೇ.

"ನೀವೂ ಇದನ್ನ ಓದ್ತೀರಾ?" ಅಂದಳು.

ಹುಡುಗಿ ಫೋನನ್ನು ಎದೆಗೆ ಒತ್ತಿಕೊಂಡಳು. "ಯಾಕೆ?"

"ನಾನೂ ಓದ್ತೀನಿ. ಚೆನ್ನಾಗಿ ಬರೀತಾರೆ. ಆದ್ರೆ ಪಾಪ, ಅವರಿಗೆ ಮರೆವು ಜಾಸ್ತಿ."

"ಮರೆವಾ?"

"ಇಂದುಮತಿ ಅಣ್ಣ ಚೆನ್ನೈಗೆ ಕೆಲಸಕ್ಕೆ ಹೋದ ಅಂತ ಮೂರನೇ ಭಾಗದಲ್ಲಿ ಅವರೇ ಬರೆದವ್ರೆ. ಐದನೇ ಭಾಗದಲ್ಲಿ ಇವಳು ತವರಿಗೆ ಹೋದ್ರೆ ಅವನೇ ಬಂದು ಬಾಗಿಲು ತೆಗೀತಾನೆ. ಚೆನ್ನೈಯಿಂದ ಕೈ ಚಾಚಿ ತೆಗೆದನಾ?"

ಹುಡುಗಿಯ ಕಿವಿ ಕೆಂಪಾಯಿತು. ಡಬ್ಬಿಯ ಮುಚ್ಚಳ ತೆಗೆದಳು, ಒಂದು ತುತ್ತು ಬಾಯಿಗಿಟ್ಟುಕೊಂಡಳು, ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ಹೇಳಿದಳು:

"ಅದು ನಾನೇ ಬರೆದಿದ್ದು."

ರುಕ್ಸಾರಳ ಚಪಾತಿ ಗಂಟಲಲ್ಲೇ ನಿಂತಿತು. ಎದ್ದು ಹೋಗೋಣವೆಂದರೆ ಬೇರೆಲ್ಲೂ ನೆರಳಿರಲಿಲ್ಲ. ಅವಳ ಮುಖ ನೋಡಿ ಹುಡುಗಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ನೀರು ಕುಡೀರಿ. ಎಷ್ಟೊಂದು ಜನ ಕಾಮೆಂಟ್ ಹಾಕವ್ರೆ, ಸೂಪರ್, ಹಾರ್ಟು, ಚಪ್ಪಾಳೆ... ಒಬ್ಬರಾದ್ರೂ ಈ ಬಾಗಿಲ ವಿಷಯ ಹೇಳಿದ್ರಾ?"

ಹೀಗೆ ಪರಿಚಯವಾಯಿತು. ಮೇಘನ ಮಾಲೂರು ತಾಲ್ಲೂಕಿನ ಲಕ್ಕೂರಿನ ಸೊಸೆ. ಗಂಡ ವೆಂಕಟ್ ಹತ್ತಿರದ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಗಾರ. ರುಕ್ಸಾರ್ ಮುಳಬಾಗಿಲಿನವಳು, ಮನೆತನದಲ್ಲೇ ಮೊದಲು ಡಿಗ್ರಿ ಮುಗಿಸಿದವಳು. ಆಗ ಅವಳಿಗೆ ಪರೀಕ್ಷೆ ಬರೆಯುವುದೇ ಕೆಲಸವಾಗಿತ್ತು.

"ಪೋಸ್ಟ್ ಮಾಡೋಕೆ ಮುಂಚೆ ಓದಿ, ಎಲ್ಲಿ ಎಡವಟ್ಟಾಗಿದೆ ಅಂತ ಹೇಳೋರಿಗೆ ಬೀಟಾ ರೀಡರ್ ಅಂತಾರೆ," ಅಂದಳು ಮೇಘನ. "ನನಗೊಬ್ಬರು ಬೇಕು. ನೀವು ಆಗ್ತೀರಾ? ಸಂಬಳ ಇಲ್ಲ."

"ಊಟ?"

"ಇಗೋ," ಅಂತ ಚಿತ್ರಾನ್ನದ ಡಬ್ಬಿಯನ್ನು ಮುಂದಕ್ಕೆ ತಳ್ಳಿದಳು. ಆಮೇಲೆ ದನಿ ತಗ್ಗಿಸಿ ಒಂದು ಷರತ್ತು ಹಾಕಿದಳು. "ಪೋಸ್ಟ್ ಆಗೋವರೆಗೂ ಯಾರ ಕಿವಿಗೂ ಬೀಳಬಾರದು. ನಾನು ಬರೀತೀನಿ ಅಂತ ನಮ್ಮನೇಲಿ ಗೊತ್ತಿಲ್ಲ. ನಮ್ಮತ್ತೆ ಆ ಸೀರಿಯಲ್ಲು ಒಂದಿನಾನೂ ಬಿಡಲ್ಲ. ನೆಂಟರಿಷ್ಟರಿಗೆಲ್ಲ ಫೋನ್ ಮಾಡಿ ಕಥೆ ಹೇಳೋರು. ಅವರ ಬಾಯಿಗೆ ನಾನು ಸಿಗಬಾರದು."

"ಯಾರಿಗೂ ಹೇಳಲ್ಲ," ಅಂದಳು ರುಕ್ಸಾರ್. ಆ ಮಾತು ಮನಸ್ಸಿನಿಂದಲೇ ಬಂದಿತ್ತು.

ರುಕ್ಸಾರಳ ತಂದೆ ಲಿಯಾಖತ್ ಹುಣಸೆಹಣ್ಣಿನ ವ್ಯಾಪಾರಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹಳ್ಳಿಗಳಲ್ಲಿ ಮರಗಳನ್ನು ಗುತ್ತಿಗೆಗೆ ಹಿಡಿದು, ಕಾಯಿ ಬಡಿಸಿ, ಮೂಟೆ ಕಟ್ಟಿ ಮನೆಗೆ ತರಿಸುತ್ತಿದ್ದರು. ಮಾಘ ಕಳೆಯಿತೆಂದರೆ ಮನೆಯ ಹಿಂದಿನ ಅಂಗಳ ತುಂಬಿಹೋಗುತ್ತಿತ್ತು. ಸುತ್ತಲ ಬೀದಿಗಳ ಹೆಂಗಸರು ಬಂದು ಸಿಪ್ಪೆ ಬಿಡಿಸಿ, ನಾರು ಎಳೆದು, ಹಣ್ಣನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಕುಟ್ಟಿ ಬೀಜ ತೆಗೆಯುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಟಕ ಟಕ ಸದ್ದು. ಹಣ್ಣಿನ ಹುಳಿವಾಸನೆ ಬಟ್ಟೆಗೆಲ್ಲ ಹತ್ತಿ, ಅಂಗಡಿಗೆ ಹೋದರೆ "ಲಿಯಾಖತ್ ಭಾಯ್ ಮನೆಯವರಾ?" ಅಂತ ಕೇಳುತ್ತಿದ್ದರು.

ಅಂಗಳದ ಯಜಮಾನಿಕೆ ರುಕ್ಸಾರಳ ದಾದಿ, ಅಂದರೆ ತಂದೆಯ ತಾಯಿ, ಬದ್ರುನ್ನೀಸಾ ಅವರದ್ದು. ಕಣ್ಣಿಗೆ ಪೊರೆ ಬಂದು ಎದುರಿದ್ದವರು ನೆರಳಿನ ಹಾಗೆ ಕಾಣುತ್ತಿದ್ದರೂ, ಯಾರ ಸುತ್ತಿಗೆ ನಿಂತಿತು, ಯಾರದ್ದು ಸೋಮಾರಿಯಾಯಿತು ಅನ್ನುವುದು ಸದ್ದಿನಲ್ಲೇ ತಿಳಿಯುತ್ತಿತ್ತು. ಹೆಂಗಸರ ಗುಂಪಿಗೆ ದೊಡ್ಡಮುನಿಯಮ್ಮ ಹಿರಿಯಳು. ಅರ್ಧ ತೆಲುಗು, ಅರ್ಧ ಕನ್ನಡ, ಬಾಯಿ ತುಂಬ ಎಲೆಅಡಿಕೆ. ಅವಳಿಗೂ ಬದ್ರುನ್ನೀಸಾರಿಗೂ ಎಷ್ಟೋ ವರ್ಷಗಳ ಜಗಳ, ಅಷ್ಟೇ ವರ್ಷಗಳ ಸಲುಗೆ.

ಮೇಘನ ಫೋನಿಗೆ ಕಳಿಸಿದ ಮೊದಲ ಭಾಗವನ್ನು ರುಕ್ಸಾರ್ ಶ್ರದ್ಧೆಯಿಂದ ಓದಿ, "ತುಂಬ ಚೆನ್ನಾಗಿದೆ" ಅಂತ ಬರೆದಳು. ಯಾರ ಮನೆಯಲ್ಲಿ ಉಂಡರೂ ಉಪ್ಪು ಕಡಿಮೆಯೆಂದು ಹೇಳಬಾರದೆಂದು ಬೆಳೆಸಿದ ಮನೆ ಅವಳದು. ಕಟ್ಟೆಯ ಮೇಲೆ ಗೊತ್ತಿಲ್ಲದೆ ಆಡಿದ ಮಾತನ್ನು ಗೊತ್ತಿದ್ದೂ ಆಡಲು ಬಾಯಿ ಬರಲಿಲ್ಲ. ಮೇಘನಳಿಂದ ತಕ್ಷಣ ಉತ್ತರ ಬಂತು: "ಚೆನ್ನಾಗಿದೆ ಅನ್ನೋಕೆ ಆ್ಯಪಲ್ಲಿ ಬೇಕಾದಷ್ಟು ಜನ ಅವ್ರೆ. ಆ ಚೆನ್ನೈ ಬಾಗಿಲು ಹಿಡಿದ ರುಕ್ಸಾರ್ ಎಲ್ಲಿ ಹೋದ್ರು?"

ಎರಡನೇ ಸಲ ಅಂಗಳದ ಮೂಲೆಯಲ್ಲಿ ಮೂಟೆಗೆ ಒರಗಿ ಕೂತು ಓದಿದಳು. ಸಣ್ಣ ದನಿಯಲ್ಲಿ ಬಾಯಿಬಿಟ್ಟು ಓದಿದರೇ ಅವಳಿಗೆ ಮನಸ್ಸಿಗೆ ಹತ್ತುತ್ತಿದ್ದುದು. ಅದು ಕನ್ನಡ ಶಾಲೆಯ ಅಭ್ಯಾಸ.

"ಕ್ಯಾ ಗುನಗುನಾರೀ ಬೇಟಿ?" ಏನು ಗುನುಗುತ್ತಿದ್ದೀಯ ಅಂತ ದಾದಿ ಕೇಳಿದರು.

"ಕಥೆ ದಾದಿ."

"ಕೌನ್‌ಸಾ? ಯಾವ ಕಥೆ? ಜೋರಾಗಿ ಓದು, ನಮಗೂ ಕೇಳಲಿ."

ರುಕ್ಸಾರಳಿಗೆ ಆ ಕ್ಷಣ ಷರತ್ತು ನೆನಪಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೆ ಯಾರ ಕಿವಿಗೂ ಬೀಳಬಾರದು ಅಂದಾಗ ಮೇಘನಳ ಮನಸ್ಸಿನಲ್ಲಿದ್ದದ್ದು ಹೊರಗಿನವರು. ದಾದಿ ಹೊರಗಿನವರೇ? ಮುನಿಯಮ್ಮಕ್ಕ ಹೊರಗಿನವಳೇ? ಹುಟ್ಟಿದಾಗಿನಿಂದ ನೋಡಿದ ಮುಖಗಳು, ಈ ಗೋಡೆ, ಈ ಮೂಟೆಗಳ ಹಾಗೆ ಮನೆಯ ಭಾಗವೇ ಆದವರು. ಅವಳು ಜೋರಾಗಿ ಓದಿದಳು, ಆಗಲೇ ಪ್ರಕಟವಾಗಿದ್ದ ಹಿಂದಿನ ಭಾಗಗಳನ್ನು ಮೊದಲು, ಆಮೇಲೆ ಹೊಸದನ್ನು.

ಓದುವಾಗ ಒಂದು ವಿಚಿತ್ರ ಅವಳ ಗಮನಕ್ಕೆ ಬಂತು. ಕಥೆ ಹಿಡಿದುಕೊಂಡಾಗ ಸುತ್ತಿಗೆಗಳು ನಿಧಾನವಾಗುತ್ತಿದ್ದವು. ಇಂದುಮತಿ ತವರಲ್ಲೂ ನಿಲ್ಲಲಾರದೆ ಬ್ಯಾಗು ಹಿಡಿದು ಗೊತ್ತಿಲ್ಲದ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಒಂದೂ ಸುತ್ತಿಗೆ ಏಳಲಿಲ್ಲ. ಅದೇ ಇಂದುಮತಿ ಚಂದ್ರನನ್ನು ನೋಡುತ್ತಾ ಒಂದು ಪುಟದಷ್ಟು ಯೋಚಿಸಿದಾಗ ಸುತ್ತಿಗೆಗಳು ಜೋರಾದವು, ಒಬ್ಬಳು ನೀರು ಕೇಳಿದಳು, ದೊಡ್ಡಮುನಿಯಮ್ಮ ಎಲೆಅಡಿಕೆ ಚೀಲ ಬಿಚ್ಚಿದಳು.

ಆ ಸಂಜೆ ರುಕ್ಸಾರ್ ಬರೆದು ಕಳಿಸಿದಳು: "ಚಂದ್ರನ ಭಾಗ ಸಪ್ಪೆ. ಬಸ್ ಸ್ಟ್ಯಾಂಡಿನದ್ದನ್ನ ಇನ್ನೂ ಬರೀರಿ."

"ನೀವು ಮನುಷ್ಯರಾ, ಯಂತ್ರಾನಾ?" ಅಂತ ಮೇಘನಳಿಂದ ಉತ್ತರ ಬಂತು. "ಚಂದ್ರನ್ನ ಬರೆಯೋವಾಗ ನನಗೂ ನಿದ್ದೆ ಬರ್ತಿತ್ತು. ಹೇಗೆ ಗೊತ್ತಾಯ್ತು ನಿಮಗೆ?"

ಹೇಗೆ ಗೊತ್ತಾಯಿತೆಂದು ರುಕ್ಸಾರ್ ಹೇಳಲಿಲ್ಲ. ಹೊಗಳಿಕೆ ಸಿಹಿಯಾಗಿತ್ತು, ಒಬ್ಬಳೇ ತಿಂದಳು. ಅರ್ಜಿ ಹಾಕಿದ ಕಡೆಯೆಲ್ಲ ಅವಳ ಹೆಸರು ಪಟ್ಟಿಯಲ್ಲಿ ಎಲ್ಲೋ ಕೆಳಗೆ ಬಂದು ನಿಲ್ಲುತ್ತಿದ್ದ ವರ್ಷ ಅದು. ನಿನ್ನಂಥವಳು ಬೇಕು ಅಂತ ಬಾಯಿಬಿಟ್ಟು ಕೇಳಿದ್ದು ಮೇಘನ ಒಬ್ಬಳೇ. ಅದನ್ನು ಕಳೆದುಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ. ಆ ಭಯದಿಂದಲೇ ಅಂಗಳದ ವಿಷಯ ಮುಚ್ಚಿಟ್ಟಳು. ಮುಚ್ಚಿಟ್ಟಷ್ಟೂ ಹೇಳುವುದು ಕಷ್ಟವಾಯಿತು.

ಭಾಗದ ಮೇಲೆ ಭಾಗ ಬಂತು. ಇಂದುಮತಿ ಆ ಗೊತ್ತಿಲ್ಲದ ಊರಿನಲ್ಲಿ ಪುಟ್ಟ ಮೆಸ್ಸು ತೆರೆದಳು. ಲಾರಿ ಡ್ರೈವರುಗಳು, ನರ್ಸುಗಳು, ಕಾಲೇಜು ಹುಡುಗರು ಬೆಳಿಗ್ಗೆ ಇಡ್ಲಿಗೆ ಬರತೊಡಗಿದರು. ಅಂಗಳದ ಹೆಂಗಸರಿಗೆ ಇಂದುಮತಿ ಪಕ್ಕದ ಬೀದಿಯವಳೇ ಆಗಿಬಿಟ್ಟಳು. "ಏನಂತೆ ನಮ್ಮ ಇಂದುಮತಿ?" ಅನ್ನುತ್ತಲೇ ಬೆಳಿಗ್ಗೆ ಒಳಗೆ ಬರುತ್ತಿದ್ದರು. ಒಂಬತ್ತನೇ ಭಾಗದ ಕೊನೆಯಲ್ಲಿ ಅವಳು ಮರುದಿನಕ್ಕೆ ಹಿಟ್ಟು ರುಬ್ಬಿಟ್ಟು ಬಾಗಿಲು ಹಾಕುವ ಹೊತ್ತಿಗೆ, ಎದುರಿನ ಬೀದಿದೀಪದ ಕೆಳಗೆ ಅತ್ತೆ ನಿಂತಿರುತ್ತಾಳೆ. ಅಲ್ಲಿಗೆ ಭಾಗ ಮುಗಿಯಿತು. ಅಂಗಳದಲ್ಲಿ ಅವತ್ತು ಕೆಲಸವೂ ಅಲ್ಲಿಗೇ ಮುಗಿಯಿತು.

"ಕರ್ಕೊಂಡೋಗಕ್ಕೆ ಬಂದವ್ಳೆ ಮುದುಕಿ," ಅಂದಳು ಒಬ್ಬಳು.

"ಕರ್ಕೊಂಡೋಗ್ಲಿ ನೋಡೋಣ, ಕಾಲು ಮುರೀತೀನಿ," ಅಂದಳು ದೊಡ್ಡಮುನಿಯಮ್ಮ.

"ಟೀವಿ ಒಳಗೆ ಕಾಲಿಡೋಕೆ ಆಗುತ್ತಾ ನಿನಗೆ? ಮೊದಲು ಈ ಮೂಟೆ ಮುಗಿಸು," ಅಂದರು ಬದ್ರುನ್ನೀಸಾ.

ರುಕ್ಸಾರ್ ಅದಕ್ಕೆ ನಕ್ಕಳೇ ಹೊರತು, ಇದು ಟೀವಿಯದ್ದಲ್ಲ ಅಂತ ತಿದ್ದಲಿಲ್ಲ.

ಆ ವಾರ ದೊಡ್ಡಮುನಿಯಮ್ಮ ಮಾಸ್ತಿಗೆ ಹೋದಳು. ಮಗಳ ಮನೆಯಲ್ಲಿ ಮೊಮ್ಮಗನಿಗೆ ನಾಮಕರಣ. ತೊಟ್ಟಿಲು ಕಟ್ಟಿದ ಮೇಲೆ ಊಟಕ್ಕೆ ಎಲೆ ಹಾಕುವವರೆಗೆ ಹೆಂಗಸರೆಲ್ಲ ಒಂದು ಕಡೆ ಕೂತಿದ್ದರು. ಕೈಯಲ್ಲಿ ಕೆಲಸವಿಲ್ಲದೆ ಕೂರುವುದು ದೊಡ್ಡಮುನಿಯಮ್ಮನಿಗೆ ಆಗದ ಮಾತು. ಆದ್ದರಿಂದ ಕಥೆ ಹೇಳಿದಳು. ಮೊದಲಿನಿಂದ ಒಂಬತ್ತನೇ ಭಾಗದವರೆಗೆ, ಏನೂ ಬಿಡದೆ. ಕೇಳಿದವರಲ್ಲಿ ಲಕ್ಕೂರಿನಿಂದ ಬಂದಿದ್ದ ಬೀಗರ ಕಡೆಯ ಮುನಿಲಕ್ಷ್ಮಮ್ಮ ಅನ್ನುವವರೂ ಇದ್ದರು. ಅವರು ಮೇಘನಳ ಅತ್ತೆ.

ಮರುದಿನ ಬೆಳಿಗ್ಗೆ ರುಕ್ಸಾರಳ ಫೋನು ರಿಂಗಾಯಿತು. ಮೇಘನ ಯಾವತ್ತೂ ಮೆಸೇಜು ಬಿಟ್ಟು ಫೋನು ಮಾಡಿದವಳಲ್ಲ.

"ಒಂಬತ್ತನೇ ಭಾಗ ಯಾರಿಗೆ ಕೊಟ್ರಿ?"

"ಯಾರಿಗೂ ಕೊಟ್ಟಿಲ್ಲ... ಏನಾಯ್ತು?"

"ನಿನ್ನೆ ಸಂಜೆ ನಾನು ಮುದ್ದೆ ತಿರುವ್ತಾ ಇದ್ದೆ. ಅತ್ತೆ ಮಾಸ್ತಿಯಿಂದ ಬಂದು, ಚಪ್ಪಲಿ ಬಿಡೋಕೂ ಮುಂಚೆ ಶುರು ಮಾಡಿದ್ರು. ಇಂದುಮತಿ ವಾಪಸ್ ಬರ್ತಾಳಂತೆ ಕಣೇ, ಮೆಸ್ಸು ಇಟ್ಟವ್ಳಂತೆ, ಅತ್ತೆ ಹುಡುಕ್ಕೊಂಡು ಬಂದು ಲೈಟು ಕಂಬದ ಕೆಳಗೆ ನಿಂತವ್ಳಂತೆ ಅಂತ. ನಾನಿನ್ನೂ ಅದನ್ನ ಪೋಸ್ಟ್ ಮಾಡಿಲ್ಲ ರುಕ್ಸಾರ್. ನಿಮ್ಮೊಬ್ಬರಿಗೇ ಕಳಿಸಿದ್ದು."

ರುಕ್ಸಾರ್ ಅಂಗಳದ ಕಡೆ ನೋಡಿದಳು. ದೊಡ್ಡಮುನಿಯಮ್ಮನ ಕಲ್ಲು ಖಾಲಿಯಿತ್ತು. ಅವಳು ಇನ್ನೂ ಮಾಸ್ತಿಯಿಂದ ಬಂದಿರಲಿಲ್ಲ. ಆಗ ಎಲ್ಲ ಅರ್ಥವಾಯಿತು. ಎಲ್ಲವನ್ನೂ ಹೇಳಿದಳು: ದಾದಿ, ಹೆಂಗಸರು, ಸುತ್ತಿಗೆ. "ಸಪ್ಪೆ ಅಂತ ನಾನು ಬರೀತಿದ್ದೆನಲ್ಲ, ಅದರಲ್ಲಿ ಅರ್ಧ ನಂದಲ್ಲ, ಅವರದ್ದು," ಅಂತಲೂ ಹೇಳಿದಳು.

ಆ ಕಡೆ ಕುಕ್ಕರು ಕೂಗಿತು.

"ಪಕ್ಕದ ಮನೆ ಹುಡುಗಿ ಆ ಆ್ಯಪಲ್ಲಿ ಓದ್ತಾಳೆ," ಅಂದಳು ಮೇಘನ. "ನಾನು ಹಾಕಿದ ತಕ್ಷಣ, ಆಂಟಿ ನೀವು ಹೇಳಿದ ಕಥೆ ಇಲ್ಲಿದೆ ಅಂತ ಅತ್ತೆಗೆ ತೋರಿಸ್ತಾಳೆ. ಅತ್ತೆ ಮಾಸ್ತಿಗೆ ಫೋನ್ ಹಚ್ತಾರೆ, ಮಾಸ್ತಿಯವರು ಮುಳಬಾಗಿಲಿಗೆ. ಅಲ್ಲಿಂದ ನನ್ನ ಹತ್ರ ಬರೋಕೆ ಎಷ್ಟು ಹೊತ್ತು? ಬಿಡಿ. ಹತ್ತನೇ ಭಾಗ ಬರೆಯೋದೋ ಬೇಡ್ವೋ ನನಗೇ ಗೊತ್ತಿಲ್ಲ."

ಫೋನು ಇಟ್ಟುಬಿಟ್ಟಳು.

ದೊಡ್ಡಮುನಿಯಮ್ಮ ಬಂದ ದಿನ ರುಕ್ಸಾರ್ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ನಡೆದದ್ದನ್ನು ಹೇಳಿದಳು. ಮುದುಕಿಗೆ ಮೊದಲು ನಂಬಿಕೆಯೇ ಬರಲಿಲ್ಲ.

"ಟೀವಿಯವರದ್ದಲ್ವಾ ಅದು? ಮುಂದಿನ ವಾರ ಬರೋದನ್ನ ನೀನು ಫೋನಲ್ಲಿ ಮೊದಲೇ ನೋಡ್ತೀಯ ಅಂದ್ಕೊಂಡಿದ್ದೆ ಕಣಮ್ಮಾ."

"ಅಲ್ಲ ಮುನಿಯಮ್ಮಕ್ಕ. ಒಂದು ಹುಡುಗಿ ಬರೀತಾಳೆ. ಮನೇಲಿ ಯಾರಿಗೂ ಹೇಳ್ದೆ."

"ಅಯ್ಯಯ್ಯೋ! ಮತ್ತೆ ನಮಗ್ಯಾಕೆ ಓದ್ದೆ?"

ಬದ್ರುನ್ನೀಸಾ ಕೂತಲ್ಲಿಂದಲೇ ಹೇಳಿದರು, "ಓದು ಅಂದವಳು ನಾನು. ಬೈಯೋದಾದ್ರೆ ನನಗೂ ಬೈ. ಆದ್ರೆ ಬೇಟಿ, ಫೋನಲ್ಲಿ ಮಾಫಿ ಕೇಳೋದು ನಕ್ಕೊ, ಬೇಡ. ಹೋಗಿ ಮುಖ ತೋರಿಸು."

ಮೇಘನ ಮನೆಗೆ ಬರಬೇಡಿ ಅಂದಳು. ಎರಡು ಸಲ ಕೇಳಿದ ಮೇಲೆ, ಶನಿವಾರ ಮಾಲೂರಿಗೆ ಬಟ್ಟೆ ಹೊಲಿಸಲು ಬರುತ್ತೇನೆ, ಬಸ್ ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ಸಿಗುತ್ತೇನೆ ಅಂದಳು. ರುಕ್ಸಾರ್ ಒಬ್ಬಳೇ ಹೊರಟಿದ್ದಳು. ಬಸ್ಸು ಹತ್ತುವ ಹೊತ್ತಿಗೆ ದೊಡ್ಡಮುನಿಯಮ್ಮ ಒಳ್ಳೆಯ ಸೀರೆಯುಟ್ಟು ಅಲ್ಲಿ ನಿಂತಿದ್ದಳು.

"ನೀನ್ಯಾಕೆ ಮುನಿಯಮ್ಮಕ್ಕ?"

"ಬಾಯಿ ನಂದು. ಹೋಗೋದು ನೀನೊಬ್ಬಳೇನಾ? ಫ್ರೀ ಬಸ್ಸು, ಹತ್ತು."

ಕೋಲಾರದಲ್ಲಿ ಬಸ್ಸು ಬದಲಾಯಿಸಿ ಮಾಲೂರು ಸೇರುವವರೆಗೆ ದೊಡ್ಡಮುನಿಯಮ್ಮ ದಾರಿಯುದ್ದಕ್ಕೂ ಟೊಮೆಟೊ ತೋಟಗಳನ್ನು ನೋಡಿ ಒಂದೊಂದಕ್ಕೂ ಒಂದೊಂದು ತೀರ್ಪು ಕೊಟ್ಟಳು. ರುಕ್ಸಾರಳ ಕಿವಿಗೆ ಯಾವುದೂ ಬೀಳಲಿಲ್ಲ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು, ಜೋಡಿಸಿದ್ದೆಲ್ಲ ನೆಪದ ಹಾಗೆ ಕಾಣುತ್ತಿತ್ತು.

ಮೇಘನ ಸಿಮೆಂಟಿನ ಬೆಂಚಿನ ತುದಿಯಲ್ಲಿ ಬಟ್ಟೆಯ ಚೀಲ ಹಿಡಿದು ಕೂತಿದ್ದಳು. ನಗಲಿಲ್ಲ. ರುಕ್ಸಾರ್ ಬಾಯಿ ತೆರೆಯುವ ಮೊದಲೇ ದೊಡ್ಡಮುನಿಯಮ್ಮ ಮುಂದೆ ಹೋಗಿ ನಿಂತಳು.

"ಏಮ್ಮಾ, ನೀನೇನಾ ಬರೆಯೋದು? ಇಷ್ಟು ಸಣ್ಣೋಳಿದ್ದೀಯ! ನಾನು ದೊಡ್ಡ ಹೆಂಗಸು ಅಂದ್ಕೊಂಡಿದ್ದೆ. ಮಾಸ್ತಿಲಿ ಹೇಳಿದ್ದು ನಾನು. ಈ ಹುಡುಗಿ ಅಲ್ಲ."

"ಓದಿದ್ದು ನಾನು," ಅಂದಳು ರುಕ್ಸಾರ್. "ಯಾರ ಕಿವಿಗೂ ಬೀಳಬಾರದು ಅಂದಿದ್ರಿ, ನಾನು ಒಪ್ಪಿದ್ದೆ. ಆಮೇಲೆ ಮನೆಯವರು ಲೆಕ್ಕಕ್ಕಿಲ್ಲ ಅಂತ ನಾನೇ ತೀರ್ಮಾನ ಮಾಡ್ಕೊಂಡೆ. ಅದು ನಾನು ಮಾಡೋ ತೀರ್ಮಾನ ಆಗಿರಲಿಲ್ಲ."

ಮೇಘನ ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು, "ನಮ್ಮತ್ತೆ ಕೆಟ್ಟವರಲ್ಲ. ಆದ್ರೆ ಆ ಮನೇಲಿ ನನ್ನ ಬೀರು ಕೂಡ ಅವರೇ ತೆಗೀತಾರೆ, ನನಗೆ ಯಾವ ಸೀರೆ ಅಂತ ಅವರೇ ಹೇಳ್ತಾರೆ. ಪ್ರೀತಿಯಿಂದಲೇ. ಅವತ್ತು ಅವರು ಕಥೆ ಹೇಳಿದಾಗ ಎಷ್ಟು ಖುಷಿಯಾಗಿದ್ರು ಗೊತ್ತಾ? ಕಣ್ಣಲ್ಲಿ ನೀರು ಬಂದಿತ್ತು. ನಾನು ಬರೆದಿದ್ದಕ್ಕೆ ಅವರು ಅಳ್ತಿದ್ರೂ ನಾನು ಸೌಟು ಹಿಡ್ಕೊಂಡು ಹೂಂ ಹೂಂ ಅನ್ನಬೇಕಾಯ್ತು. ಅವರಿಗೆ ಅದನ್ನ ಕೊಡೋದಿದ್ರೆ ನಾನು ಕೊಡ್ತಿದ್ದೆ. ಯಾವತ್ತು ಅಂತ ನಾನು ನೋಡ್ಕೋತಿದ್ದೆ. ಅದನ್ನ ನೀವು ಕಿತ್ಕೊಂಡ್ರಿ."

ರುಕ್ಸಾರ್ ತಲೆ ತಗ್ಗಿಸಿ ನಿಂತಳು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಒಂದು ಮಾತೂ ಅಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ದೊಡ್ಡಮುನಿಯಮ್ಮನೂ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅದು ಅವಳ ಮಟ್ಟಿಗೆ ದೊಡ್ಡ ತಪಸ್ಸು. ಆಮೇಲೆ ತಡೆಯಲಾರದೆ ಕೇಳಿದಳು:

"ಅಮ್ಮಾ, ಬೈಯೋದಿದ್ರೆ ಇನ್ನೂ ಬೈಯಿ. ಆದ್ರೆ ಒಂದು ಹೇಳು. ಆ ಮುದುಕಿ ಕರೆದ್ರೆ ಇಂದುಮತಿ ಹಂಗೇ ಹೊರಟೋಗ್ತಾಳಾ?"

"ಹೋಗ್ತಾಳೆ. ಕಾಲಿಗೆ ಬಿದ್ದು, ಅವತ್ತೇ ರಾತ್ರಿ ಬಸ್ಸಿಗೆ. ಹಂಗೇ ಯೋಚನೆ ಮಾಡಿದ್ದೀನಿ."

"ಹಿಟ್ಟು ರುಬ್ಬಿಟ್ಟವ್ಳಲ್ಲ?"

"ಏನು?"

"ನಾಳೆಗೆ ಹಿಟ್ಟು ರುಬ್ಬಿಟ್ಟವ್ಳೆ. ಬೆಳಿಗ್ಗೆ ಲಾರಿಯವರು ಬರ್ತಾರೆ, ಆ ನರ್ಸಮ್ಮ ಬರ್ತಾಳೆ. ಬಾಗಿಲು ಹಾಕಿರುತ್ತೆ. ಹಿಟ್ಟು ಹುಳಿಯಾಗಿ ಉಕ್ಕಿಹೋಗುತ್ತೆ. ಹಂಗೆ ಬಿಟ್ಟೋಗೋಳು ಮೆಸ್ಸು ನಡೆಸ್ತಾಳಾ? ನಮ್ಮ ಅಂಗಳದಲ್ಲಿ ಎಲ್ಲಾರ್ದೂ ಇದೇ ಮಾತು."

ಮೇಘನ ಮುದುಕಿಯ ಮುಖವನ್ನೇ ನೋಡಿದಳು. ಲಕ್ಕೂರಿನ ಬಸ್ಸು ಬಂತು, ಎದ್ದಳು. "ಬರ್ತೀನಿ ಅಜ್ಜಿ," ಅಂದಳು. ರುಕ್ಸಾರಳಿಗೆ ಏನೂ ಹೇಳಲಿಲ್ಲ.

ಮುಂದಿನ ದಿನಗಳಲ್ಲಿ ಹತ್ತನೇ ಭಾಗ ರುಕ್ಸಾರಳಿಗೆ ಬರಲಿಲ್ಲ. ಅಂಗಳದ ಹೆಂಗಸರು ಒಂದೆರಡು ದಿನ ಕೇಳಿದರು, ಆಮೇಲೆ ಅವಳ ಮುಖ ನೋಡಿ ಬಿಟ್ಟರು. ಅವಳೂ ಅವರ ಜೊತೆ ಕಲ್ಲು ಹಾಕಿಕೊಂಡು ಕುಟ್ಟತೊಡಗಿದಳು. ಕೈಗೆ ಕೆಲಸ ಬೇಕಾಗಿತ್ತು. ಒಂದು ಭಾನುವಾರ ಆ್ಯಪು ತೆರೆದರೆ ಒಂಬತ್ತು, ಹತ್ತು ಎರಡೂ ಭಾಗ ಒಟ್ಟಿಗೆ ಪ್ರಕಟವಾಗಿದ್ದವು. ಎಲ್ಲರೂ ಓದಿದ ಹಾಗೆ ಅವಳೂ ಓದಬೇಕಾಯಿತು. ಈ ಸಲ ಜೋರಾಗಿ ಓದಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೂ ಅವಳು ಮೊದಲು ಒಬ್ಬಳೇ ಮಹಡಿಗೆ ಹೋಗಿ ಓದಿಕೊಂಡು, ಆಮೇಲೆ ಅಂಗಳಕ್ಕೆ ಬಂದಳು.

ಅತ್ತೆ ಒಳಗೆ ಬರುತ್ತಾಳೆ. ಇಂದುಮತಿ ಕಾಲಿಗೆ ಬೀಳುವುದಿಲ್ಲ. ತಟ್ಟೆ ಇಟ್ಟು ಬಡಿಸುತ್ತಾಳೆ. ಊಟವಾದ ಮೇಲೆ ಹೇಳುತ್ತಾಳೆ: ನಾಳೆಗೆ ಹಿಟ್ಟು ರುಬ್ಬಿಟ್ಟಿದ್ದೀನಿ ಅತ್ತೆ, ಬರೋಕಾಗಲ್ಲ. ನೀವು ಇವತ್ತು ಇಲ್ಲೇ ಮಲಗಿ, ಬೆಳಿಗ್ಗೆ ಇಡ್ಲಿ ತಿಂದು ಹೋಗಿ.

ಸುತ್ತಿಗೆಗಳೆಲ್ಲ ನಿಂತಿದ್ದವು. ದೊಡ್ಡಮುನಿಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಹುಳಿ ಗಾಳಿ," ಅಂದಳು.

ಓದು ಮುಂದುವರಿಯಿತು. ಬೆಳಗಾಗುತ್ತದೆ, ಗಿರಾಕಿಗಳು ಬರುತ್ತಾರೆ. ಮೊದಲ ಇಡ್ಲಿ ತಿನ್ನಲು ಲಾರಿ ಡ್ರೈವರ್ ಸುಬ್ಬರಾಯಪ್ಪ ಬೆಂಚಿನ ಮೇಲೆ ಕೂರುತ್ತಾನೆ.

"ಅರೆ, ಉನೆ ಮರ್‌ಗಯಾ ನಾ?" ಅಂದರು ಬದ್ರುನ್ನೀಸಾ. "ಲಾರಿ ಬಿದ್ದು ಸತ್ತನಲ್ಲ ಅವನು, ಮೊದಲಲ್ಲೇ?"

ಅಂಗಳವೆಲ್ಲ 'ಹೌದಲ್ಲಾ' ಅಂದಿತು. ದೊಡ್ಡಮುನಿಯಮ್ಮನಿಗೆ ನಗು ಹತ್ತಿತು. "ಇಡ್ಲಿ ವಾಸನೆಗೆ ಎದ್ದು ಬಂದವ್ನೆ ಬಿಡಿ!"

ರುಕ್ಸಾರ್ ಮಹಡಿಯಲ್ಲೇ ಇದನ್ನು ಕಂಡಿದ್ದಳು. ಕಾಮೆಂಟು ಹಾಕಿದರೆ ಸಾವಿರ ಜನರೆದುರು ಮೇಘನಳಿಗೆ ಅವಮಾನ. ಸುಮ್ಮನಿದ್ದರೆ ಆ ತಪ್ಪು ಹಾಗೇ ಉಳಿಯುತ್ತದೆ. ಇನ್ನು ತನ್ನನ್ನು ಓದಿಕೊಡುವವಳೆಂದು ಒಪ್ಪದವಳಿಗೆ ಹೇಳುವ ಹಕ್ಕಾದರೂ ತನಗಿದೆಯೇ ಅಂತ ಸಂಜೆಯವರೆಗೆ ಯೋಚಿಸಿದಳು. ಕೊನೆಗೆ ಅವಳೊಬ್ಬಳಿಗೇ ಕಾಣುವಂತೆ ಬರೆದಳು: "ಹತ್ತನೇ ಭಾಗ ಓದಿದೆ. ಪೋಸ್ಟ್ ಆದ ಮೇಲೆ ಅಂಗಳದಲ್ಲೂ ಓದಿದೆ. ಸುಬ್ಬರಾಯಪ್ಪ ಎರಡನೇ ಭಾಗದಲ್ಲಿ ತೀರಿಕೊಂಡಿದ್ದಾನೆ. ಆ್ಯಪಲ್ಲಿ ಇನ್ನೂ ಯಾರೂ ಗಮನಿಸಿಲ್ಲ."

ಮರುದಿನ ಉತ್ತರ ಬಂತು: "ಅವನನ್ನ ಮತ್ತೆ ಸಾಯಿಸಿ ಬಂದೆ. ನೋಡಿ."

ನೋಡಿದಳು. ಬೆಂಚಿನ ಮೇಲೆ ಬೇರೆ ಡ್ರೈವರ್ ಕೂತಿದ್ದ.

ಅದಾದ ಮೇಲೆ ಮತ್ತೆ ಸದ್ದಿಲ್ಲ. ಹುಣಸೆಯ ಕಾಲ ಮುಗಿದು, ಶ್ರೀನಿವಾಸಪುರದ ಕಡೆಯಿಂದ ಮಾವಿನ ಲಾರಿಗಳು ಓಡಾಡತೊಡಗಿದ ಮೇಲೆ ಒಂದು ಬೆಳಿಗ್ಗೆ ಮೇಘನಳ ಹೊಸ ಕಥೆಯ ಮೊದಲ ಭಾಗ ಬಂತು. ಜೊತೆಗೆ ನಾಲ್ಕು ಸಾಲು. "ಇದನ್ನ ನಿಮ್ಮ ಅಂಗಳದಲ್ಲಿ ಓದಬಹುದು, ನಾನೇ ಹೇಳ್ತಿದ್ದೀನಿ. ಆದ್ರೆ ಮೊದಲು ನೀವೊಬ್ಬರೇ ಓದಿ, ನಿಮಗೇನನ್ನಿಸ್ತು ಅಂತ ಬರೀರಿ. ಆಮೇಲೆ ಅವರದ್ದು ಬೇರೆಯಾಗಿ ಬರೀರಿ. ಯಾವುದು ಯಾರ ಮಾತು ಅಂತ ನನಗೆ ಗೊತ್ತಾಗಬೇಕು."

ರುಕ್ಸಾರ್ ಆ ಭಾಗವನ್ನು ಮೂರು ಸಲ ಓದಿದಳು. ತನಗೇ ಏನನ್ನಿಸಿತು ಅಂತ ಬರೆಯುವುದು ಅವಳು ಎಣಿಸಿದ್ದಕ್ಕಿಂತ ಕಷ್ಟವಾಗಿತ್ತು. ಸುತ್ತಿಗೆಯ ಸದ್ದಿನ ಆಸರೆಯಿಲ್ಲದೆ, ಎಲ್ಲಿ ತನ್ನ ಮನಸ್ಸು ನಿಂತಿತು, ಎಲ್ಲಿ ಜಾರಿತು ಅಂತ ತಾನೇ ಹಿಡಿಯಬೇಕಿತ್ತು. ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕಳಿಸಿದಾಗ ಅದರಲ್ಲಿ ಎಲ್ಲೂ 'ತುಂಬ ಚೆನ್ನಾಗಿದೆ' ಅಂತ ಇರಲಿಲ್ಲ. ಒಂದು ಕಡೆ "ಇಲ್ಲಿ ನನಗೆ ಉಸಿರು ಕಟ್ಟಿತು" ಅಂತ ಇತ್ತು, ಇನ್ನೊಂದು ಕಡೆ "ಈ ಮಾತನ್ನು ಇವಳು ಆಡುವುದಿಲ್ಲ" ಅಂತ ಇತ್ತು. ಎರಡನೆಯದನ್ನು ಮೇಘನ ಒಪ್ಪಲಿಲ್ಲ. ಇಬ್ಬರೂ ಆ ಬಗ್ಗೆ ಒಂದು ವಾರ ಜಗಳವಾಡಿದರು. ಆ ಮಾತು ಕಥೆಯಲ್ಲಿ ಹಾಗೇ ಉಳಿಯಿತು.

ಮೇಘನ ತನ್ನ ಕಥೆಯ ಕೊನೆಗೆ ಓದಿಕೊಟ್ಟವರ ಹೆಸರು ಹಾಕಿದಳು. ಅದನ್ನು ನೋಡಿ ಶ್ರೀನಿವಾಸಪುರದ ಆಯೇಷಾ ಅನ್ನುವ ಕಾಲೇಜು ಹುಡುಗಿ ತನ್ನದನ್ನೂ ಓದಿಕೊಡಿ ಅಂತ ಕೇಳಿದಳು, ಅವಳ ಹಿಂದೆ ಇನ್ನೂ ಕೆಲವರು ಬಂದರು. ಕಥೆ ಎಲ್ಲಿಯದೆಂದು ಮಾಸ್ತಿಯಿಂದ ಕೇಳಿದವರಿಗೆ ದೊಡ್ಡಮುನಿಯಮ್ಮ, ಫೋನಿನಲ್ಲಿ ಯಾರೋ ಓದಿದ್ದು ಅಂತಷ್ಟೇ ಹೇಳಿದಳು. ತಾನು ಬರೆಯುವ ವಿಷಯವನ್ನು ಮೇಘನ ಅತ್ತೆಗೆ ಇನ್ನೂ ಹೇಳಿಲ್ಲ. ಯಾವತ್ತು ಹೇಳುತ್ತೀಯ ಅಂತ ರುಕ್ಸಾರ್ ಕೇಳುವುದೂ ಇಲ್ಲ.

ರುಕ್ಸಾರ್ ಈಗ ಮುಳಬಾಗಿಲಿನ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಾಳೆ. ಸಂಜೆ ಮನೆಗೆ ಬಂದ ಮೇಲೆ ಐದಾರು ಜನ ಫ್ಯಾನ್ ಫಿಕ್ಷನ್ ಬರಹಗಾರರ ಕಥೆಗಳನ್ನು, ಅವು ಪ್ರಕಟವಾಗುವ ಮೊದಲು, ಹಣ ಪಡೆಯದೆ ಓದಿಕೊಡುತ್ತಾಳೆ. ಹೊಸಬರು ಯಾರು ಬಂದರೂ, ಇದನ್ನು ನಾನೊಬ್ಬಳೇ ಓದಲೇ, ನಮ್ಮ ಅಂಗಳದಲ್ಲಿ ಓದಬಹುದೇ ಅಂತ ಮೊದಲು ಕೇಳುತ್ತಾಳೆ. ಬೇಡ ಅಂದವರದ್ದನ್ನು ಮಹಡಿಯ ಮೇಲೆ ಬಾಯಿ ಮುಚ್ಚಿಕೊಂಡು ಓದುತ್ತಾಳೆ.